ಕಾಣದ ಊರಿನ ಸಾಕ್ಷಿ

ಅವರ ಬಲಗೈ ತೋರುಬೆರಳು ತುದಿಯಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ತಾಲ್ಲೂಕು ಕೋರ್ಟಿನಲ್ಲಿ ಮೂವತ್ತೊಂದು ವರ್ಷ ದಬ್ಬಳ ಹಿಡಿದು ಕಡತ ಹೊಲಿದದ್ದರ ಗುರುತು ಎನ್ನುತ್ತಿದ್ದರು. ವಿಜಯಪುರ ಜಿಲ್ಲೆಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮಗಳ ಜೊತೆ ಲಂಡನ್ನಿನ ಕ್ರೋಯ್ಡನ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದರು. ನಮಗೆ ಅವರು ಶಿರಸ್ತೇದಾರ್ ಕಾಕಾ.

ಇಲ್ಲೂ ಎಲ್ಲದಕ್ಕೂ ಚಕ್ಕುಬಂದಿ ಹಾಕಿಯೇ ಮಾತಾಡುವರು. ನಮ್ಮ ಕಟ್ಟಡದ ಪೂರ್ವಕ್ಕೆ ಟ್ರಾಮ್ ದಾರಿ, ಪಶ್ಚಿಮಕ್ಕೆ ಜಿಪಿ ದವಾಖಾನೆ, ಉತ್ತರಕ್ಕೆ ಕೌನ್ಸಿಲ್ಲಿನ ಖುಲ್ಲಾ ಜಾಗ, ದಕ್ಷಿಣಕ್ಕೆ ರಸ್ತೆ. ತಮ್ಮ ತಾಲ್ಲೂಕಿನ ಹಳ್ಳಿಗಳನ್ನು ಹೋಬಳಿವಾರು ಒಪ್ಪಿಸುತ್ತಿದ್ದರು. ಎಣಿಸಿದ್ದೇನೆ, ತೊಂಬತ್ನಾಲ್ಕು. ನಾನು ದಿನಚರಿ ಬರೆಯುವುದು ಕಂಡರೆ, “ಏನ್ ತಂಗಿ, ಇವತ್ತಿನ ರೋಜನಾಮಾ ಮುಗೀತೇನು? ನನ್ನ ಹಾಜರಿ ಹಾಕಿಯೋ ಇಲ್ಲೋ?” ಎಂದು ಕೆಣಕುವರು.

ಫೆಬ್ರವರಿಯಲ್ಲಿ, ಇಲ್ಲೇ ಉಳಿಯಲು ಅವ್ವ ಹಾಕಿದ್ದ ಅರ್ಜಿ ತಿರಸ್ಕೃತವಾಯಿತು. ಜನನ ಪತ್ರದಲ್ಲಿ ಒಂದು ತಾಲ್ಲೂಕು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಅವ್ವ ಹುಟ್ಟಿದ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಅದೇ ಹೆಸರಿನ ಹೊಸ ಊರನ್ನು ಹೊಳೆಯಿಂದ ದೂರ, ಪಕ್ಕದ ತಾಲ್ಲೂಕಿನಲ್ಲಿ ಕಟ್ಟಿದ್ದರು. ನೀರುಪಾಲಾದ ಊರಿನ ವಿಳಾಸ ಹೊತ್ತು ಪ್ರಯಾಣ ಹೊರಡಬಾರದು ಎಂದು ಅಜ್ಜಿ ಪಾಸ್‌ಪೋರ್ಟಿಗೆ ಹೊಸ ಊರನ್ನೇ ಬರೆಸಿದ್ದಳು. ಅಲ್ಲಿ ಬಹಳ ಮಂದಿ ಹಾಗೆಯೇ ಮಾಡುತ್ತಾರಂತೆ. ಇಲ್ಲಿ ಅವು ಇಬ್ಬರು ಬೇರೆ ಹೆಂಗಸರ ಕಾಗದಗಳಾದವು. ಅಪ್ಪ ತೀರಿಕೊಂಡ ಮೇಲೆ ನಮಗೆ ನಾವಿಬ್ಬರೇ.

ಮೇಲ್ಮನವಿಯ ವಿಚಾರಣೆಗೆ ಹತ್ತೊಂಬತ್ತು ದಿನ ಉಳಿದಿದ್ದಾಗ ನಮ್ಮ ವಕೀಲೆ, ಮುಳುಗಿದ ಊರನ್ನು ಕಣ್ಣಾರೆ ಕಂಡವರ ಹೇಳಿಕೆ ಸಿಕ್ಕರೆ ಏನಾದರೂ ಆಸೆ ಇದೆ ಎಂದಳು. ಆ ಹಳೆಯ ಊರು ಕಾಕಾ ಅವರ ತಾಲ್ಲೂಕಿನದೇ. ಅವರು ಎರಡು ಸಂಜೆ ಕೂತು ನಕ್ಷೆ ಬರೆದರು: ಹೊಳೆ, ಅಗಸಿ ಬಾಗಿಲು, ಚಾವಡಿ, ಯಾವ ಸರ್ವೆ ನಂಬರಿನವರನ್ನು ಎಲ್ಲಿಗೆ ಎಬ್ಬಿಸಿದರು ಎಂಬುದೆಲ್ಲ. ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಒಂದು ಸಾಲು ನಾನೇ ಸೇರಿಸಿದೆ: ‘ಈ ಊರನ್ನು ನಾನು ಕಣ್ಣಾರೆ ಕಂಡಿದ್ದೇನೆ.’ ನನ್ನನ್ನು ನಂಬಿ ರುಜು ಹಾಕಿಬಿಟ್ಟರು. ಆಮೇಲೆ, ಹಳೆಯ ಅಭ್ಯಾಸ, ಕನ್ನಡಕ ತರಿಸಿ ಓದಿದರು.

“ಇದು ಯಾರು ಹೇಳಿದ್ದು?”

“ಕಾಕಾ, ನಿಮಗ ಆ ಊರು ಎಲ್ಲಾ ಗೊತ್ತೈತಲ್ಲ.”

“ಪರಿಹಾರದ ಖಟ್ಲೆ ಕಾಗದದಾಗ ಗೊತ್ತು. ಕಾಲಿಟ್ಟಿಲ್ಲ. ಮೂವತ್ತೊಂದು ವರ್ಷ ಮಂದಿ ಕಡೆ ಪ್ರಮಾಣಾ ಮಾಡಿಸೀನಿ ತಂಗಿ. ಇದನ್ನ ತಗಿ.”

ನಾನು ಅತ್ತೆ. ಅವ್ವನನ್ನು ಕಳಿಸಿಬಿಡುತ್ತಾರೆ ಎಂದೆ. ಅವರ ಕಣ್ಣೂ ತುಂಬಿತು, ಆದರೆ ಜಾಗ ಬಿಟ್ಟು ಏಳಲಿಲ್ಲ. ‘ಕಂಡಿಲ್ಲ, ಕಡತಗಳಿಂದ ಬಲ್ಲೆ’ ಎಂದು ಬರೆಸಿ ಮತ್ತೊಂದು ಪ್ರತಿಗೆ ರುಜು ಹಾಕಿದರು. ಮೊದಲನೆಯದನ್ನು ಹರಿಯಲು ಹೇಳಿದರು. ಹ್ಞೂಂ ಎಂದು ಅದನ್ನು ದಿನಚರಿಯೊಳಗೆ ಮಡಿಸಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಲಿಫ್ಟಿನಲ್ಲಿ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ನನ್ನ ಬಳಿ ಎರಡು ಕಾಗದ ಉಳಿದವು. ಎರಡರಲ್ಲೂ ಅವರದೇ ರುಜು, ಅಲ್ಲಗಳೆಯಲು ಅವರಿಲ್ಲ. ಆರು ದಿನ ಎರಡನ್ನೂ ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ. ಅಷ್ಟರಲ್ಲಿ ಅವ್ವ, ತಾನಿಲ್ಲದಾಗ ನನಗೆ ತಿಳಿಯಲೆಂದು, ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸತೊಡಗಿದ್ದಳು. ಹದಿನಾಲ್ಕು ಡಬ್ಬಿ. ಏಳನೆಯ ದಿನ ‘ಕಂಡಿಲ್ಲ’ ಎಂಬ ಕಾಗದವನ್ನೇ ಕೊಟ್ಟೆ. ವಕೀಲೆ ಆ ಸಾಲನ್ನು ಎರಡು ಸಲ ಓದಿ ಕಾಗದವನ್ನು ಕಡತಕ್ಕೆ ಸೇರಿಸಿದಳು.

ವಿಚಾರಣೆ ಮುಗಿದು ಇವತ್ತಿಗೆ ನಲವತ್ತೊಂದು ದಿನ. ತೀರ್ಪು ಬಂದಿಲ್ಲ. ಬಾಗಿಲ ಸೀಳಿನಿಂದ ಅಂಚೆ ಬಿದ್ದ ಸದ್ದಾದರೆ ಅವ್ವ ಓಡುತ್ತಾಳೆ. ಆ ಇನ್ನೊಂದು ಕಾಗದದ ಸಂಗತಿ ಅವಳಿಗೆ ನಾನಿನ್ನೂ ಹೇಳಿಲ್ಲ.