ದೊಡ್ಡವ್ವ ವಾಡೆ ಬಿಟ್ಟ ಶ್ರಾವಣ

ಸಂಸ್ಥಾನಗಳು ಮುಗಿದು ನಮ್ಮ ಶಿರಹಟ್ಟಿ ಸೀಮೆ ಮುಂಬೈ ಸರಕಾರಕ್ಕೆ ಸೇರಿದ ಹೊಸತು. ದೊಡ್ಡವರೆಲ್ಲ ಪಡಸಾಲೆಯಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದ ದಿನಗಳವು. ನಾನಾಗ ಒಂಬತ್ತು ವರ್ಷದ ಹುಡುಗಿ. ಬೆಳ್ಳಟ್ಟಿಯ ದೇಸಾಯರ ವಾಡೆಯಲ್ಲಿ ನಾವೆಲ್ಲ ಕೂಡಿಯೇ ಇದ್ದೆವು.

ವಾಡೆಯ ಯಜಮಾನನಾಗಿದ್ದ ನನ್ನ ದೊಡ್ಡಪ್ಪ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಅವನ ಹೆಂಡತಿ ಗೌರವ್ವ ದೊಡ್ಡವ್ವನಿಗೆ ಇದ್ದವಳು ಒಬ್ಬಳೇ ಮಗಳು, ನೀಲಕ್ಕ. ಗಂಡು ವಾರಸುದಾರನಿಲ್ಲದ ದೇಸಗತಿ ಸರಕಾರಕ್ಕೆ ಹೋಗುತ್ತದೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಅದಕ್ಕೇ ಅಪ್ಪ, ಮೂರು ವರ್ಷದ ನನ್ನ ತಮ್ಮ ಬಸುವನ್ನು ದೊಡ್ಡವ್ವನಿಗೆ ದತ್ತಕ ಕೊಡಲು ನಿಶ್ಚಯಿಸಿದ. ಅವಳಿಗೂ ಒಪ್ಪಿಗೆಯಿತ್ತು. ಮಗ ಬಂದರೆ ವಾಡೆಯಲ್ಲಿ ಅವಳ ಮಾತು ನಡೆಯುತ್ತಿತ್ತು, ನೀಲಕ್ಕನಿಗೆ ತವರು ಉಳಿಯುತ್ತಿತ್ತು. ಬಸುವಿನ ತಲೆಗೆಂದು ಹಸಿರು ಖಣದ ಕುಲಾಯಿ ಹೊಲಿಯುತ್ತ, ನಡುನಡುವೆ ನನ್ನ, ನೀಲಕ್ಕನ ಪಗಡೆಗೆ ಬಂದು ತಾನೂ ನಗುತ್ತ ಕವಡೆ ಎಸೆಯುತ್ತಿದ್ದಳು.

ಶ್ರಾವಣದ ಒಂದು ಸೋಮವಾರ ದತ್ತಕದ ಕಾರ್ಯ. ಅಡುಗೆಮನೆಯ ತುಂಬ ಬೆಲ್ಲ, ಏಲಕ್ಕಿಯ ಘಮ. ಹೂರಣ ಕದಿಯಲು ಹೋದರೆ ಅವ್ವ ಒಬ್ಬಳೇ ಒರಳಿನ ಮುಂದೆ ಕೂತು ಅಳುತ್ತಿದ್ದಳು.

"ಯಾಕ ಅಳಾಕತ್ತೀ ಯವ್ವಾ?"

"ನಾಳಿಂದ ಬಸ್ಯಾ ನನಗ ಚಿಗವ್ವ ಅಂತಾನ. ಯಾರ ಮುಂದೂ ಹೇಳಬ್ಯಾಡ."

ನಾನು ಓಡಿಹೋಗಿ ದೊಡ್ಡವ್ವನಿಗೆ ಹೇಳಿಬಿಟ್ಟೆ. ಅವಳು ಅಡುಗೆಮನೆಯ ಬಾಗಿಲವರೆಗೆ ಹೋಗಿ, ನೋಡಿ, ಹಿಂದಿರುಗಿದಳು.

ಪಡಸಾಲೆಯಲ್ಲಿ ಲಕ್ಷ್ಮೇಶ್ವರ, ಮುಂಡರಗಿಯ ನೆಂಟರು ನೆರೆದಿದ್ದರು. ಅಯ್ಯನವರ ಮಂತ್ರ ಮುಗಿಯಿತು. ಅಪ್ಪ ಬಸುವನ್ನೆತ್ತಿ ಅವಳ ಉಡಿಗೆ ಹಾಕಲು ಬಾಗಿದ. ದೊಡ್ಡವ್ವ ಸೆರಗು ಒಡ್ಡಲಿಲ್ಲ.

"ಹಡದಾಕಿ ಒಳಗ ಅಳಾಕತ್ತಾಳ. ಈ ಕೂಸು ನನಗ ಬ್ಯಾಡ್ರಿ."

"ವೈನಿ, ಮಂದಿ ಮುಂದ ಮಾನಾ ಕಳೀಬ್ಯಾಡ್ರಿ." ಅಪ್ಪ ಬಸುವನ್ನು ಎತ್ತಿಕೊಂಡೇ ಅತ್ತಿಗೆಗೆ ಅಂದ.

"ಆಕಿನ್ನ ಒಂದ ಮಾತು ಕೇಳಿದ್ರೇನು ನೀವು?"

ಅಪ್ಪ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ದೊಡ್ಡವ್ವ ಬಸುವನ್ನು ತಾನೇ ಒಯ್ದು ಅವ್ವನ ತೊಡೆಯ ಮೇಲೆ ಕೂರಿಸಿ ಬಂದಳು.

"ಹಂಗಾದ್ರ ಈ ವಾಡೇದಾಗ ಇನ್ನ ನಿಮಗ ಜಾಗಾ ಇಲ್ಲ" ಎಂದ ಅಪ್ಪ.

ಎಂದೂ ತಲಬಾಗಿಲು ದಾಟದಿದ್ದ ದೇಸಾಯರ ಸೊಸೆ, ಆ ವಾರವೇ ನಡುಹಗಲಲ್ಲಿ, ಊರು ನೋಡುತ್ತಿರುವಾಗ, ಮಗಳ ಕೈ ಹಿಡಿದು ಚಕ್ಕಡಿ ಹತ್ತಿದಳು. ಅವ್ವ ಕದದ ಸಂದಿಯಿಂದ ನೋಡಿದಳು, ಹೊರಗೆ ಬರಲಿಲ್ಲ. ನಾನೂ ಅಪ್ಪನಿಗೆ ಹೆದರಿ ಒಳಗೇ ನಿಂತೆ.

ಬೆಟಗೇರಿಯಲ್ಲಿ ನೇಕಾರರಿಗೆ ನೂಲು ಸುತ್ತಿಕೊಟ್ಟು ದೊಡ್ಡವ್ವ ಮಗಳನ್ನು ಓದಿಸುತ್ತಿದ್ದಾಳೆಂಬ ಖಬರು ಬರುತ್ತಿತ್ತು. ಅಪ್ಪ ಇರುವತನಕ ನಮ್ಮನ್ನು ಅತ್ತ ಕಳಿಸಲಿಲ್ಲ. ಕನ್ನಡ ನಾಡು ಒಂದಾದ ವರ್ಷ ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಬೆಟಗೇರಿಗೆ ಕರೆದುಕೊಂಡು ಹೋದೆ. ದೊಡ್ಡವ್ವ ಸತ್ತು ಆಗಲೇ ಎಂಟು ತಿಂಗಳಾಗಿತ್ತು. ಅಪ್ಪನಿಗೆ ಗೊತ್ತಿತ್ತಂತೆ, ನಮಗೆ ಹೇಳಿರಲಿಲ್ಲ.

ವಾಡೆ ಆಮೇಲೆ ಬಿತ್ತು, ಹೊಲ ಹಂಚಿಹೋಯಿತು. ಅದಕ್ಕೆ ನನಗೆ ದುಃಖವಿಲ್ಲ. ಚಿಕ್ಕವಳಿದ್ದಾಗ ನನ್ನ ಜಡೆ ಜಗ್ಗಿ "ಬಾ ಲೇ ಸುಶೀ" ಎನ್ನುತ್ತಿದ್ದ ನೀಲಕ್ಕ, ಅಂದು ಬೆಟಗೇರಿಯಲ್ಲಿ ಅವ್ವನಿಗೆ ಚಾಪೆ ಹಾಸಿ, ಆಮೇಲೆ ನನ್ನ ಕಡೆ ತಿರುಗಿ, ಗುರುತಿಲ್ಲದವರಿಗೆ ಹೇಳುವ ಹಾಗೆ, "ನೀವೂ ಕುಂಡ್ರಿ" ಎಂದಳು.