ಡ್ರಮ್ ತೊಳೆದ ನೀರು

ನನ್ನ ಗೆಳತಿ ಸೋಮವಾರ ತೀರಿಕೊಂಡಳು. ಮೂತ್ರಪಿಂಡದ ಕಾಯಿಲೆ. ಅವಳ ಕಾರ್ಖಾನೆಯವರು ಮಾತ್ರ ‘ನಮ್ಮ ಜೊತೆ ತಲೆ ಚಚ್ಚಿಕೊಂಡೇ ಹೋದರು’ ಎನ್ನುತ್ತಾರೆ. ಅದರಲ್ಲೂ ಸುಳ್ಳಿಲ್ಲ. ಶಾಲೆಯಲ್ಲಿ ಲೀಡರಾಗಿದ್ದಾಗಲೇ ಅವಳು, ಸಾಲು ಸೊಟ್ಟಗಿದ್ದರೆ ನಮ್ಮನ್ನು ಊಟಕ್ಕೂ ಬಿಡುತ್ತಿರಲಿಲ್ಲ.

ಗೋಡೆಯ ಬಣ್ಣಕ್ಕೆ ಬೆರೆಸುವ, ಹಾಲಿನಂಥ ಪ್ಲಾಸ್ಟಿಕ್ ದ್ರವ ತಯಾರಿಸುವ ಕಾರ್ಖಾನೆ ಅದು. ಸೋಪಿನ ನೀರಿನಲ್ಲಿ ಪ್ಲಾಸ್ಟಿಕ್ಕಿನ ಕಣಗಳು ಹುಟ್ಟಿ ಬೆಳೆಯುತ್ತವೆ. ಹುಟ್ಟುವುದೆಲ್ಲ ಶುರುವಿನಲ್ಲೇ ಮುಗಿಯಬೇಕು. ಎಷ್ಟು ಹುಟ್ಟಿದವು ಎಂಬುದರ ಮೇಲೆ ಕಣದ ಗಾತ್ರ. ಆ ಗಾತ್ರವನ್ನು ಮೊದಲೇ ಹೇಳುವ ಲೆಕ್ಕವನ್ನು ಅವಳು ಕಂಪ್ಯೂಟರಿನಲ್ಲಿ ಕಟ್ಟಿದ್ದಳು. ಲೆಕ್ಕದಲ್ಲಿ ಒಂದೇ ಗಾತ್ರ. ಟ್ಯಾಂಕಿನಿಂದ ಬರುತ್ತಿದ್ದುದು ಎರಡು, ಅಣ್ಣ-ತಮ್ಮನ ಹಾಗೆ.

"ಇನ್ನೊಂದ್ಸಲ ತಪ್ಪಿದ್ರೆ ನಿಮ್ಮ ಲೆಕ್ಕ ಮೂಲೆಗೆ. ಹಳೇ ಅಂದಾಜೇ ಸಾಕು," ಎಂದರು ಮ್ಯಾನೇಜರು.

ಅವಳು ಟ್ಯಾಂಕಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಕಣಗಳು ಬೆಳೆಯುವ ಹೊತ್ತಿಗೆ ಆಪರೇಟರು ಖಾಲಿ ಸೋಪಿನ ಡ್ರಮ್ಮಿಗೆ ನೀರು ಹಾಕಿ, ಗಲಬರಿಸಿ, ಟ್ಯಾಂಕಿಗೆ ಸುರಿದರು. ಆ ಸೋಪಿನಲ್ಲೇ ಮತ್ತೆ ಹೊಸ ಮರಿಕಣಗಳು!

"ಏನಣ್ಣಾ ಅದು?"

"ಡ್ರಮ್ ತೊಳೆದ ನೀರು ಕಣಮ್ಮ. ಚೆಲ್ಲೋಕೆ ಮನಸ್ಸು ಬರುತ್ತಾ? ನಿಮ್ಮನೇಲಿ ಹಾಲಿನ ಪಾತ್ರೆ ತೊಳೆದು ಚೆಲ್ತೀರಾ?"

"ಚೆಲ್ಲಲ್ಲ. ಆದ್ರೆ ಇದು ಹಾಲಲ್ಲ, ಮಹಾರಾಯ!"

ಬೋರ್ಡು ಬರೆಸಿದಳು, ಬೈದಳು, ಕೈಮುಗಿದಳು. ಕೋಣನ ಮುಂದೆ ಕಿನ್ನರಿ. ಮೂರು ಪಾಳಿಯವರೂ ಸುರಿಯುತ್ತಲೇ ಇದ್ದರು.

"ಇವರನ್ನ ತಿದ್ದೋದಕ್ಕಿಂತ ಲೆಕ್ಕ ತಿದ್ದೋದು ವಾಸಿ ಕಣೇ," ಎಂದು ನನ್ನ ಹತ್ತಿರ ಗೊಣಗಿ, ತೊಳೆದ ನೀರಿನ ಸೋಪನ್ನೂ ಲೆಕ್ಕಕ್ಕೆ ಸೇರಿಸಿ, ಶುರುವಿಗೆ ಹಾಕುವ ಸೋಪನ್ನು ಕಡಿಮೆ ಮಾಡಿದಳು. ತೊಳೆದ ನೀರು ಬಂದಾಗ ಅದರ ಸೋಪನ್ನು ಬೆಳೆದ ಕಣಗಳೇ, ಒಂದಕ್ಕೊಂದು ಅಂಟದ ಹಾಗೆ, ಮೈಗೆ ಹೊದ್ದುಕೊಳ್ಳಬೇಕು, ಹೊಸದು ಹುಟ್ಟಲು ಏನೂ ಉಳಿಯಬಾರದು. ಗಾತ್ರ ಕೂಡಿಬಂತು. ಮ್ಯಾನೇಜರು ಹಳೇ ಅಂದಾಜಿನ ಮಾತು ಬಿಟ್ಟರು.

ಅವಳು ಹೋಗುವ ಹಿಂದಿನ ದಿನ, ಭಾನುವಾರ, ಆಸ್ಪತ್ರೆಗೆ ಆಪರೇಟರ ಫೋನು ಬಂತು. ನಾನು ಸ್ಪೀಕರಿಗೆ ಹಾಕಿ ಅವಳ ಕೈಗೆ ಕೊಟ್ಟೆ. ಟ್ಯಾಂಕಿನ ತುಂಬ ಗಂಟು ಕಟ್ಟಿದೆ, ಮ್ಯಾನೇಜರು ಹಳೇ ಅಂದಾಜಿಗೇ ಹೋಗೋಣ ಅಂತಿದ್ದಾರೆ ಎಂದರು.

"ಸೋಪು ಸಾಲದೆ ಗಂಟಾಗಿದೆ. ತೊಳೆದ ನೀರು ಹಾಕಿದ್ರಾ ಅಣ್ಣಾ?"

"ಇಲ್ಲಮ್ಮ! ಪಾಪ, ನೀವು ಮಲಗಿದೀರ, ಈಗ್ಲಾದ್ರೂ ನಿಮ್ಮ ಮಾತು ನಡೆಸೋಣ ಅಂತ ಎಲ್ರೂ ಸೇರಿ ಚೆಲ್ಬಿಟ್ವಿ."

ಅವಳು ಕಣ್ಣು ಮುಚ್ಚಿಕೊಂಡಳು.

"ಇನ್ಮೇಲೆ ಹಾಕ್ರಪ್ಪಾ. ನಿಮ್ಮ ದಮ್ಮಯ್ಯ, ಹಾಕಿ. ಲೆಕ್ಕ ತಪ್ಪಿಲ್ಲ ಅಂತ ಮ್ಯಾನೇಜರಿಗೂ ಹೇಳಿ."

ಫೋನನ್ನು ನನ್ನ ಕೈಗೆ ತುರುಕಿ, ಗೋಡೆ ಕಡೆ ಮಗ್ಗುಲಾದಳು.