ಹಳದಿ ಬಾಣ ಬರೆಯುವ ಗುರಲಿಂಗಪ್ಪ

ಕಳೆದ ಮಳೆಗಾಲದ ಒಂದು ಭಾನುವಾರ ಮುಂಬೈಯಿಂದ ಬೆಟ್ಟ ಹತ್ತಲು ಬಂದವರು, ಬದಲಾಪುರದಾಚೆಯ ಆದಿವಾಸಿ ವಾಡಿಯೊಂದರ ಜನ ಕುಡಿಯುವ ಒರತೆಯಲ್ಲಿ ಸೋಪು ಹಚ್ಚಿಕೊಂಡು ಮಿಂದರು. ವಾಡಿಯ ಹೆಂಗಸರು ಆಮೇಲೆ ಹಳ್ಳಕ್ಕಿಳಿದು ಕೆಂಪು ನೀರು ಹೊತ್ತರು.

ಆ ಒರತೆಯವರೆಗೂ ಬಂಡೆಗಳ ಮೇಲೆ ದಾರಿ ತೋರುವ ಹಳದಿ ಬಾಣ ಬರೆದವರು ಗುರಲಿಂಗಪ್ಪ. ಇಂದು ಅವರು ಪಕ್ಕದ ಬೆಟ್ಟದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಮುಲುಂಡ್‌ನಿಂದ ಮೊದಲ ಲೋಕಲ್ ರೈಲು ಹಿಡಿದು ಬಂದದ್ದು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೋಣಿತಾಟಿನ ಚೂರಿನಿಂದ ಬಂಡೆಯ ಪಾಚಿ ತಿಕ್ಕುತ್ತಾರೆ, ಒಣಬಟ್ಟೆಯಲ್ಲಿ ಒರೆಸುತ್ತಾರೆ, ಕೂದಲು ಗಿಡ್ಡಗೆ ಕತ್ತರಿಸಿದ ಬ್ರಶ್ಶನ್ನು ಅದ್ದಿ ಎಳೆಯುತ್ತಾರೆ. ಉದ್ದ ಕೂದಲು ಕಲ್ಲಿಗೆ ತಾಳುವುದಿಲ್ಲ.

ಸಿಂದಗಿ ಕಡೆಯ ಈ ಮನುಷ್ಯ ಮುಂಬೈಯ ಬಿಲ್ಡಿಂಗುಗಳಿಗೆ ಹಗ್ಗಕ್ಕೆ ಜೋತು ಬಣ್ಣ ಬಳಿದವರು. ಒಂದು ದಿನ ಹಗ್ಗ ಜಾರಿತು, ತೊಡೆ ಮುರಿಯಿತು. ಗುತ್ತೇದಾರ ಆಸ್ಪತ್ರೆಯತ್ತ ತಲೆ ಹಾಕಲಿಲ್ಲ. ಈಗ ಮಳೆಗಾಲದಲ್ಲಿ ಟ್ರೆಕ್ಕಿಂಗ್ ಕಂಪನಿಯ ದಿನಗೂಲಿ. ಉಳಿದ ತಿಂಗಳು ಹೆಂಡತಿ ಶಿವಕುಮಾರಿಯ ಮನೆಗೆಲಸದಿಂದಲೇ ಚಾಳಿನ ಒಲೆ ಉರಿಯಬೇಕು. ಮಂಜು ಕವಿದಾಗ ನೂರಾರು ಜನ ಅವರ ಬಾಣ ನಂಬಿ ಕೆಳಗಿಳಿಯುತ್ತಾರೆ. ಬಾಣದ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರಲ್ಲಿ ಒಬ್ಬರೂ ಬರೆದವನ ಹೆಸರು ಕೇಳಿಲ್ಲ. "ಬಿಲ್ಡಿಂಗಿನ ಬಣ್ಣ ಚಂದಕ್ರಿ. ಇದು ಜೀವಕ್ಕ," ಎನ್ನುತ್ತಾರೆ ಗುರಲಿಂಗಪ್ಪ.

ಒರತೆಯ ಆ ಹಳೆಯ ಬೆಟ್ಟದಲ್ಲಿ ಈಗ ದಾದರ್ ಸ್ಟೇಷನ್ನಿನಂಥ ಗದ್ದಲ. ಕಂಪನಿಗೆ ಸದ್ದಿಲ್ಲದ ಹೊಸ ಬೆಟ್ಟ ಬೇಕಾಗಿದೆ. ಶಾಂತಿಯನ್ನೂ ಟಿಕೆಟ್ ಹಚ್ಚಿ ಮಾರುತ್ತಿದ್ದಾರೆ. ದಾರಿ ಕವಲೊಡೆಯುವಲ್ಲಿ ಗುರಲಿಂಗಪ್ಪ ಬ್ರಶ್ಶು ಕೆಳಗಿಡುತ್ತಾರೆ. ಎಡಕ್ಕೆ ಇನ್ನೊಂದು ವಾಡಿ, ಅದಕ್ಕೂ ಒಂದೇ ಒರತೆ. ಆ ಒರತೆಯಿಂದ ಕೊಡ ಹೊತ್ತು ಬರುತ್ತಿದ್ದ ವಾಡಿಯ ವೈಶಾಲಿ ಅವರ ಬೊಗಸೆಗೆ ನೀರು ಹುಯ್ಯುತ್ತಾಳೆ. ಬಣ್ಣದ ಡಬ್ಬಿ ನೋಡಿ ಮರಾಠಿಯಲ್ಲಿ ಕೇಳುತ್ತಾಳೆ: "ಪೇಂಟರ್ ಭಾವೂ, ಬಾಣದ ಮೂತಿ ಯಾವ ಕಡೆಗೆ?" ಅವರು ಬಾಯಿ ಒರೆಸಿಕೊಂಡು ಎಡದ ದಾರಿಯತ್ತ ನೋಡುತ್ತಾರೆ.

ಅಷ್ಟರಲ್ಲಿ ಕಂಪನಿಯ ಸುಹಾಸ ಏದುಸಿರು ಬಿಡುತ್ತ ಬರುತ್ತಾನೆ. ಮಂಗಳೂರು ಮೂಲದವನು, ಮುಂಬೈಯಲ್ಲೇ ಹುಟ್ಟಿ ಬೆಳೆದವನು. "ಅಂಕಲ್, ಲೆಫ್ಟಿಗೆ ಹಾಕಿ. ವ್ಯೂ ಅಲ್ಲೇ ಉಂಟು. ಸಂಡೇ ಫುಲ್ ಬುಕ್ ಆಗಿದೆ." ಬಲಗಡೆಯಿಂದ ಸುತ್ತು ಹಾಕಿಸೋಣ ಎಂದು ಗುರಲಿಂಗಪ್ಪ ಹೇಳಿದರೆ ಸುಹಾಸ ಒಪ್ಪುವುದಿಲ್ಲ. ಬರೆಯದಿದ್ದರೆ ನಾಳೆಯಿಂದ ಬೇರೆ ಪೇಂಟರ್ ಬರುತ್ತಾನೆ ಎನ್ನುತ್ತಾನೆ.

ಗುರಲಿಂಗಪ್ಪ ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸುತ್ತಾರೆ.

"ಆ ನೀರು ಈಗರ ಕುಡದೇನಿ. ಈ ಕಡಿ ಬಾಣ ನಾ ಬರಿಯಂಗಿಲ್ಲಪಾ."